ಗೃಹಸ್ಥ ವಿದ್ಯಾರ್ಥಿಯ ಜಮಾಖರ್ಚು

ನಮ್ಮ ಪೂರ್ವಿಕರು ಮನುಷ್ಯನ ಆಯುಷ್ಯವನ್ನು ನಾಲ್ಕು ಆಶ್ರಮಗಳಾಗಿ ವಿಂಗಡಿಸಿದಾಗ ವಿದ್ಯಾರ್ಜನೆಯನ್ನು ಮೊದಲನೆಯ ಆಶ್ರಮಕ್ಕೂ ಧನಾರ್ಜನೆಯನ್ನು ಎರಡನೆಯದಕ್ಕೂ ಹಂಚಿಕೊಟ್ಟರು. ಈ ಹಂಚಿಕೆಯಲ್ಲಿ ಒಂದು ಲೌಕಿಕ ವಿವೇಕವಿದ್ದಿತು: ಓದುವವನ ಅನ್ನದ ಭಾರವನ್ನು ದುಡಿಯುವವನು ಹೊರತಕ್ಕದ್ದು. ಬ್ರಹ್ಮಚಾರಿಯ ಭಿಕ್ಷೆ, ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ ಹಳೆಯ ಮೈಸೂರಿನ ಹುಡುಗರ ವಾರಾನ್ನ, ಸಿದ್ಧಗಂಗೆ ಸುತ್ತೂರುಗಳಂಥ ಮಠಗಳು ಸಹಸ್ರಾರು ಮಕ್ಕಳಿಗೆ ನೀಡಿದ ಅನ್ನ ಮತ್ತು ವಸತಿ, ನಾನಾ ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು, ಇವೆಲ್ಲವೂ ಆ ಒಂದೇ ತತ್ತ್ವದ ಬೇರೆ ಬೇರೆ ರೂಪಗಳು. ಆದರೆ ನಲವತ್ತರ ವಯಸ್ಸಿನಲ್ಲಿ, ಹಗಲೆಲ್ಲ ಕಚೇರಿಯಲ್ಲಿ ದುಡಿದು, ಸಂಜೆ ಮಕ್ಕಳ ಮನೆಪಾಠವನ್ನು ನೋಡಿಕೊಟ್ಟು, ರಾತ್ರಿ ಹತ್ತು ಗಂಟೆಯಾದ ಮೇಲೆ ತನ್ನ ಪಠ್ಯಪುಸ್ತಕವನ್ನು ತೆರೆದು ಕುಳಿತುಕೊಳ್ಳುವ ವ್ಯಕ್ತಿಯನ್ನು ಯಾವ ಆಶ್ರಮಕ್ಕೆ ಸೇರಿಸಬೇಕು? ಆತ ವಾರಾನ್ನಕ್ಕೆ ಹೋಗುವಂತಿಲ್ಲ. ವಾರಾನ್ನ ಹಾಕಬೇಕಾದ ಮನೆಯ ಯಜಮಾನನೇ ಆತ.

ಇಂಥವರ ಸಂಖ್ಯೆ ಇಂದು ಅಲ್ಪವಲ್ಲ. ಬಡ್ತಿಗೆ ಪದವಿ ಬೇಕೆಂದು ತಿಳಿದ ಗುಮಾಸ್ತ, ಹದಿನೆಂಟರಲ್ಲಿ ಮದುವೆಯಾಗಿ ಪಿಯುಸಿಗೇ ಓದು ನಿಂತುಹೋದ ಗೃಹಿಣಿ, ಬಸ್ಸಿನ ನಿರ್ವಾಹಕ, ಅಂಗನವಾಡಿಯ ಕಾರ್ಯಕರ್ತೆ, ಪೊಲೀಸ್ ಪೇದೆ, ನಿವೃತ್ತರಾದ ಮೇಲೆ ಸಂಸ್ಕೃತವನ್ನೋ ಇತಿಹಾಸವನ್ನೋ ಕ್ರಮವಾಗಿ ಓದಬೇಕೆಂಬ ಹಂಬಲದವರು, ಇವರೆಲ್ಲರೂ ಸಂಜೆ ಕಾಲೇಜುಗಳ ಬೆಂಚುಗಳಲ್ಲಿಯೂ ಮುಕ್ತ ವಿಶ್ವವಿದ್ಯಾನಿಲಯಗಳ ಸಂಪರ್ಕ ತರಗತಿಗಳಲ್ಲಿಯೂ ಕಾಣಸಿಗುತ್ತಾರೆ. ಇವರ ಬುದ್ಧಿ, ಉತ್ಸಾಹ, ಮನೋಧರ್ಮಗಳ ವಿಷಯವಾಗಿ ಎಷ್ಟೋ ಮಾತುಗಳು ಬಂದಿವೆ. ಇವರ ಜೇಬಿನ ವಿಷಯವಾಗಿ ಬಂದದ್ದು ಕಡಿಮೆ. ಓದನ್ನು ನಡುವೆ ಬಿಟ್ಟವರಲ್ಲಿ ಬುದ್ಧಿ ಸಾಲದೆ ಬಿಟ್ಟವರಿಗಿಂತ ಹಣದ ಲೆಕ್ಕ ತಪ್ಪಿ ಬಿಟ್ಟವರನ್ನೇ ನಾನು ಹೆಚ್ಚಾಗಿ ಕಂಡಿರುವೆನಾದಕಾರಣ, ಈ ಪ್ರಶ್ನೆಯನ್ನು ಆದಿಯಿಂದ ಒಮ್ಮೆ ಪರಾಮರ್ಶಿಸುವುದು ಉಚಿತವೆಂದು ತೋರಿತು.

ದುಡಿಯುವವನ ಓದಿಗೆ ದಾರಿ ತೆರೆದ ಸಂಸ್ಥೆಗಳ ಚರಿತ್ರೆ ದೀರ್ಘವಾದುದಲ್ಲ. ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಪದ್ಧತಿಯನ್ನು ನಮ್ಮ ದೇಶಕ್ಕೆ ತಂದಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆತದ್ದೂ ಅದೇ ವರ್ಷವೇ. ಹೈದರಾಬಾದಿನಲ್ಲಿ 1982ರಲ್ಲಿ ಭಾರತದ ಮೊದಲನೆಯ ಮುಕ್ತ ವಿಶ್ವವಿದ್ಯಾನಿಲಯವೂ, 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಇವುಗಳನ್ನು ನಾವು ಶೈಕ್ಷಣಿಕ ಸುಧಾರಣೆಗಳೆಂದು ವರ್ಣಿಸುವುದು ವಾಡಿಕೆ. ವಾಸ್ತವವಾಗಿ ನೋಡಿದರೆ ಇವು ಪ್ರಥಮತಃ ಆರ್ಥಿಕ ಏರ್ಪಾಟುಗಳು. ಕಾಲೇಜಿನ ಓದಿನಲ್ಲಿ ಅತಿ ದುಬಾರಿಯಾದುದು ಶುಲ್ಕವಲ್ಲ, ಓದುವ ಮೂರು ವರ್ಷ ಕೈತಪ್ಪಿಹೋಗುವ ಸಂಬಳ. ಆ ಸಂಬಳವನ್ನು ಬಿಡದೆ ಪದವಿಯನ್ನು ಪಡೆಯಬಹುದೆಂಬುದೇ ಅಂಚೆ ಶಿಕ್ಷಣದ ಮೂಲಭೂತ ಕೊಡುಗೆ. ಮನ್ನಣೆ ಪಡೆದ ದೂರಶಿಕ್ಷಣದ ಪದವಿಯು ಸಾಂಪ್ರದಾಯಿಕ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದ ಮೇಲಂತೂ ಈ ದಾರಿಯನ್ನು ಕೀಳೆಂದು ಕಾಣಲು ಕಾರಣವುಳಿದಿಲ್ಲ.

ಇನ್ನು ಖರ್ಚಿನ ಸ್ವರೂಪವನ್ನು ನೋಡೋಣ. ನನಗೆ ಪರಿಚಿತರಾದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬಿ.ಎ. ಪದವಿಗೆ ದೂರಶಿಕ್ಷಣದಲ್ಲಿ ಸೇರಿದ ದಿನದಿಂದ ಒಂದು ನೋಟುಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟಿದ್ದರು. ಒಂದು ಮಧ್ಯಾಹ್ನ ಅದನ್ನು ನನ್ನ ಕೈಗೆ ಕೊಟ್ಟರು. ಗೆರೆ ಎಳೆದ ಆ ಹಾಳೆಗಳಲ್ಲಿ ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ ಎಂಬ ದೊಡ್ಡ ಬಾಬುಗಳು ವರ್ಷಕ್ಕೆ ಎರಡು ಮೂರು ಸಾರಿ ಮಾತ್ರ ಬರುತ್ತವೆ, ಮಿಕ್ಕದ್ದೆಲ್ಲ ಚಿಲ್ಲರೆಯೇ. ಸೈಬರ್ ಸೆಂಟರಿನವನಿಗೆ ಅರ್ಜಿ ತುಂಬಿದ್ದಕ್ಕೆ ಇಷ್ಟು, ಅಂಕಪಟ್ಟಿಯ ಜೆರಾಕ್ಸಿಗೆ ಇಷ್ಟು, ಪಾಸ್‌ಪೋರ್ಟ್ ಅಳತೆಯ ಆರು ಭಾವಚಿತ್ರಗಳಿಗೆ ಇಷ್ಟು, ಹಳೆಯ ಪ್ರಶ್ನಪತ್ರಿಕೆಗಳಿಗೆ ಇಷ್ಟು, ಸಂಪರ್ಕ ತರಗತಿಯ ದಿನ ಮಧ್ಯಾಹ್ನದ ಊಟಕ್ಕೆ ಇಷ್ಟು, ತಾವು ಪರೀಕ್ಷೆಗೆ ಹೋದ ದಿನ ಮಗುವನ್ನು ನೋಡಿಕೊಂಡ ನೆರೆಮನೆಯಾಕೆಗೆ ಒಯ್ದ ಹಣ್ಣಿಗೆ ಇಷ್ಟು. ವರ್ಷಾಂತ್ಯದಲ್ಲಿ ಕೂಡಿದಾಗ ವಿಶ್ವವಿದ್ಯಾನಿಲಯಕ್ಕೆ ಕಟ್ಟಿದ ಹಣ ಒಟ್ಟಿನ ಅರ್ಧಕ್ಕಿಂತ ಕಡಿಮೆಯಿತ್ತು. ಪುಸ್ತಕದ ನಡುವೆ ಒಂದು ಕಲಂ ಇದ್ದಕ್ಕಿದ್ದಂತೆ ಬರಿದಾಗುತ್ತದೆ: ‘ಬಸ್ಸು’ ಎಂಬ ತಲೆಬರಹದ ಕೆಳಗೆ 2023ರ ಜೂನ್ ತಿಂಗಳ ನಡುವಿನಿಂದ ಮುಂದಕ್ಕೆ ಬರೀ ಅಡ್ಡಗೆರೆಗಳು. ಆ ತಿಂಗಳ 11ರಿಂದ ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಒದಗಿಸಿದ ಶಕ್ತಿ ಯೋಜನೆಯನ್ನು ಕುರಿತು ಪರವಾಗಿಯೂ ವಿರೋಧವಾಗಿಯೂ ನಡೆದ ಚರ್ಚೆಗಳಲ್ಲಿ ಈ ಅಡ್ಡಗೆರೆಗಳನ್ನು ಯಾರೂ ಎಣಿಸಿದಂತೆ ಕಾಣೆ.

ಈ ಲೆಕ್ಕದಲ್ಲಿಯೂ ಬಾರದೆ ಉಳಿದ ಬಾಬು ಒಂದುಂಟು, ಅದು ಕಾಲದ ಬೆಲೆ. ತಿಂಗಳಿಗೆ 24,000 ರೂಪಾಯಿ ಸಂಬಳದ ಖಾಸಗಿ ನೌಕರನೊಬ್ಬನಿಗೆ ಒಂದು ದಿನದ ಗೈರುಹಾಜರಿಯೆಂದರೆ 800 ರೂಪಾಯಿ. ವರ್ಷಕ್ಕೆ ಹತ್ತು ದಿನ ಸಂಪರ್ಕ ತರಗತಿ, ಆರು ದಿನ ಪರೀಕ್ಷೆ ಎಂದಿಟ್ಟುಕೊಂಡರೆ, ಮಿಗಿಸಿಟ್ಟ ರಜೆ ಇಲ್ಲದ ಪಕ್ಷದಲ್ಲಿ, 12,800 ರೂಪಾಯಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಸರ್ಕಾರಿ ನೌಕರನಿಗೆ ಗಳಿಕೆ ರಜೆಯ ಆಸರೆಯಿದೆ, ಮೇಲಧಿಕಾರಿಯ ಅನುಮತಿಯ ತೊಡಕೂ ಇದೆ. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳಿಗೆ ದಿನದ ಕೂಲಿಯೊಂದಿಗೆ ಹಾಜರಾತಿಯ ಇನಾಮೂ ಹೋಗುತ್ತದೆ. ಆಟೋ ಓಡಿಸುವವನಿಗೆ ಗಾಡಿ ನಿಂತ ದಿನವೂ ಸಾಲದ ಕಂತು ನಿಲ್ಲುವುದಿಲ್ಲ. ಒಂದೇ ಶುಲ್ಕವನ್ನು ಕಟ್ಟಿದ ಈ ಮೂವರು ತೆತ್ತ ಬೆಲೆ ಒಂದೇ ಅಲ್ಲ. ಆದಕಾರಣ ವರ್ಷಾರಂಭದಲ್ಲಿಯೇ ಪರೀಕ್ಷೆಯ ತಿಂಗಳನ್ನು ಗುರುತಿಸಿ, ಹಬ್ಬಕ್ಕೂ ನೆಂಟರ ಮದುವೆಗೂ ಹೋಗುವ ರಜೆಗಳನ್ನು ಆ ದಿನಗಳಿಗಾಗಿ ಮಿಗಿಸಿಟ್ಟುಕೊಳ್ಳುವವನು, ನಾಣ್ಯಗಳನ್ನು ಕೂಡಿಡುವವನಿಗಿಂತ ಜಾಣನೆನ್ನಬೇಕು.

ಕಾಲದ ಪ್ರಸ್ತಾಪ ಬಂದುದರಿಂದ ಪಂಚಾಂಗದ ಮಾತೊಂದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ನಮ್ಮ ಸಂಸಾರಗಳಲ್ಲಿ ಜೂನ್ ತಿಂಗಳೆಂದರೆ ಮುಂಗಾರಿನ ಜೊತೆಗೆ ಖರ್ಚಿನ ತಿಂಗಳೂ ಹೌದು: ಮಕ್ಕಳ ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕದ ಚೀಲ, ಕೊಡೆ, ಹಳ್ಳಿಯಲ್ಲಿ ಜಮೀನಿದ್ದರೆ ಬಿತ್ತನೆಯ ಬೀಜ ಮತ್ತು ಗೊಬ್ಬರ. ದೂರಶಿಕ್ಷಣದ ಮುಖ್ಯ ಪ್ರವೇಶದ ಕಾಲವೂ ಅದರ ಬೆನ್ನಿಗೇ, ಜುಲೈಯಲ್ಲಿ. ಆ ಸರದಿಯಲ್ಲಿ ಕಟ್ಟಕಡೆಗೆ ನಿಲ್ಲುವುದು ತಂದೆಯ ಅಥವಾ ತಾಯಿಯ ಓದಿನ ಶುಲ್ಕವಲ್ಲದೆ ಮತ್ತಾವುದು? ಮುಕ್ತ ವಿಶ್ವವಿದ್ಯಾನಿಲಯಗಳಲ್ಲಿ ಜನವರಿಯ ಆವೃತ್ತಿಯೆಂಬ ಎರಡನೆಯ ಪ್ರವೇಶಕಾಲವೂ ಇರುವುದನ್ನು ಅನೇಕರು ಗಮನಿಸುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸುಗ್ಗಿಯ ಹಣ ಕೈಸೇರುವ ರೈತ ಕುಟುಂಬಕ್ಕೂ, ದೀಪಾವಳಿಯ ಬೋನಸ್ಸನ್ನು ಕಾಣುವ ಕಾರ್ಖಾನೆಯ ನೌಕರನಿಗೂ ಜನವರಿಯೇ ಅನುಕೂಲ. ಆರು ತಿಂಗಳು ತಡವಾಗಿ ಸೇರಿ ಕೈಯ ಹಣದಲ್ಲಿ ಓದುವುದು, ಆರು ತಿಂಗಳು ಮುಂಚೆ ಸೇರಿ ಬಡ್ಡಿಯ ಹಣದಲ್ಲಿ ಓದುವುದಕ್ಕಿಂತ ಎಷ್ಟೋ ಲೇಸು.

ಈಗ ಪ್ರಶ್ನೆಯ ಹೃದಯಕ್ಕೆ ಬರೋಣ. ಪ್ರೌಢ ವಿದ್ಯಾರ್ಥಿಯ ಕಷ್ಟಕ್ಕೆ ಮೂಲವು ಬಡತನವೊಂದೇ ಅಲ್ಲ. ಮನೆಯಾಗಲಿ ಕಾಯಿದೆಯಾಗಲಿ ಬ್ಯಾಂಕಾಗಲಿ ಅವನನ್ನು ವಿದ್ಯಾರ್ಥಿಯೆಂದು ಎಣಿಸದಿರುವುದೇ ಮೂಲ. 1961ರ ಆದಾಯ ತೆರಿಗೆ ಕಾಯಿದೆಯ 80-ಸಿ ಪ್ರಕರಣವನ್ನು ತೆಗೆದುಕೊಳ್ಳಿರಿ. ಬೋಧನಾ ಶುಲ್ಕಕ್ಕೆ ಅದು ರಿಯಾಯಿತಿ ಕೊಟ್ಟಿತು, ಆದರೆ ಇಬ್ಬರು ಮಕ್ಕಳ ಪೂರ್ಣಕಾಲಿಕ ಶಿಕ್ಷಣಕ್ಕೆ ಮಾತ್ರ; ತೆರಿಗೆ ತೆರುವವನು ತನಗಾಗಿ ಕಟ್ಟಿಕೊಂಡ ಶುಲ್ಕಕ್ಕೆ ಅಲ್ಲಿ ಸ್ಥಾನವಿಲ್ಲ. ನೌಕರರ ಭವಿಷ್ಯನಿಧಿಯ 1952ರ ಯೋಜನೆಯಲ್ಲಿ ಬಹುಕಾಲ ನಡೆದುಬಂದ 68-ಕೆ ಪರಿಚ್ಛೇದ ಇನ್ನೂ ಸ್ವಾರಸ್ಯವಾದುದು: ಏಳು ವರ್ಷ ಸದಸ್ಯನಾಗಿದ್ದವನು ತನ್ನ ವಂತಿಗೆಯ ಅರ್ಧದವರೆಗೆ ಹಣವನ್ನು ತನ್ನ ಮದುವೆಗೆ, ಒಡಹುಟ್ಟಿದವರ ಮದುವೆಗೆ, ಮಕ್ಕಳ ಮದುವೆಗೆ, ಮತ್ತು ಮಕ್ಕಳ ಓದಿಗೆ ತೆಗೆಯಬಹುದಾಗಿತ್ತು. ಸ್ವಂತ ಮದುವೆಗೆ ಒದಗಿದ ನಿಧಿ ಸ್ವಂತ ಓದಿಗೆ ಒದಗಲಿಲ್ಲ! ನಮ್ಮ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಯೂ ಕಟ್ಟಡ ಕಾರ್ಮಿಕರ ಮಂಡಳಿಯೂ ನೀಡುವ ಶೈಕ್ಷಣಿಕ ಧನಸಹಾಯವು ಕಾರ್ಮಿಕರ ಮಕ್ಕಳಿಗಾಗಿಯೇ ಹೊರತು ಓದಬಯಸುವ ಕಾರ್ಮಿಕನಿಗಾಗಿ ಅಲ್ಲ. ಮಕ್ಕಳಿಗೆ ಕೊಟ್ಟದ್ದು ತಪ್ಪೆಂದು ಯಾರೂ ಹೇಳಲಾರರು; ಆದರೆ ಈ ನಿಯಮಗಳನ್ನು ರಚಿಸಿದವರ ಕಣ್ಣೆದುರಿಗೆ ‘ವಿದ್ಯಾರ್ಥಿ’ ಎಂದಾಗ ನಿಂತಿದ್ದದ್ದು ಹದಿನೆಂಟರ ಬಾಲಕನ ಮೂರ್ತಿಯೊಂದೇ ಎಂಬುದು ಸ್ಪಷ್ಟ.

ಇದಕ್ಕೆ ಅಪವಾದಗಳಿಲ್ಲದೆ ಇಲ್ಲ. ಅದೇ ತೆರಿಗೆ ಕಾಯಿದೆಯ 80-ಇ ಪ್ರಕರಣವು ಉನ್ನತ ಶಿಕ್ಷಣಕ್ಕಾಗಿ ಮಾಡಿದ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ವಿನಾಯಿತಿಯನ್ನು ಕೊಡುವಾಗ ತೆರಿಗೆದಾರನ ಸ್ವಂತ ಓದನ್ನೂ ಒಳಗೊಂಡಿತು. ಮೊದಲು ಅದು ಕೂಡ ಇಂಜಿನಿಯರಿಂಗು, ವೈದ್ಯಕೀಯ, ಮ್ಯಾನೇಜ್‌ಮೆಂಟು ಮೊದಲಾದ ಕೆಲವೇ ವಿಷಯಗಳ ಪೂರ್ಣಕಾಲಿಕ ಓದಿಗೆ ಸೀಮಿತವಾಗಿದ್ದು, 2009ರ ತಿದ್ದುಪಡಿಯಲ್ಲಿ ಆ ನಿರ್ಬಂಧ ತೊಲಗಿತು. ಆದರೂ ಈ ಸೌಲಭ್ಯ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಅದೂ ಬಡ್ಡಿಗೆ, ಅಸಲಿಗಲ್ಲ. ಸಾಲ ಮಾಡಿ ಓದಿದವನಿಗೆ ವಿನಾಯಿತಿಯುಂಟು, ಹೊಟ್ಟೆಬಟ್ಟೆ ಕಟ್ಟಿ ಕೈಯಿಂದ ಕಟ್ಟಿ ಓದಿದವನಿಗೆ ಇಲ್ಲ ಎಂಬ ಈ ವೈಚಿತ್ರ್ಯವನ್ನು ಕಂಡು ಮಿತವ್ಯಯಿಯಾದ ಗೃಹಸ್ಥನು ನಗಬೇಕೋ ಅಳಬೇಕೋ ತಿಳಿಯದು.

ಹಾಗಾದರೆ ಹಣ ಎಲ್ಲಿಂದ ಬರತಕ್ಕದ್ದು? ಮೊದಲನೆಯ ಮೂಲ ಉಳಿತಾಯ. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಬ್ಯಾಂಕಿನ ಭಾಷೆಗೆ ತಿರುಗಿಸಿದರೆ ಅದು ಆರ್.ಡಿ. ಖಾತೆಯಾಗುತ್ತದೆ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಇದನ್ನು ತೆರೆಯಬಹುದಾದರೂ ಅಲ್ಲಿ ಅವಧಿ ಐದು ವರ್ಷ. ವರ್ಷವರ್ಷವೂ ಶುಲ್ಕ ಕಟ್ಟಬೇಕಾದವನಿಗೆ ಬ್ಯಾಂಕಿನ ಹನ್ನೆರಡು ತಿಂಗಳ ಖಾತೆಯೇ ಒಗ್ಗುತ್ತದೆ. ಬಡ್ಡಿ ಎಷ್ಟು ಬಂದೀತೆಂಬುದು ಇಲ್ಲಿ ಮುಖ್ಯವಲ್ಲ. ಸಂಬಳದ ಮರುದಿನವೇ ತಾನಾಗಿ ಕಡಿತವಾಗಿ, ಮನೆಯ ಇತರ ಅಗತ್ಯಗಳ ದೃಷ್ಟಿಗೆ ಬೀಳದಂತೆ ಹಣ ಪಕ್ಕಕ್ಕೆ ಸರಿದು ನಿಲ್ಲುವುದೇ ಮುಖ್ಯ. 2023ರ ಆಗಸ್ಟಿನಿಂದ ಕುಟುಂಬದ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿಯ ಹಣದಲ್ಲಿ ಕಾಲುಭಾಗವನ್ನು ಹೀಗೆ ಪ್ರತ್ಯೇಕಿಸಿದರೂ ಹನ್ನೆರಡು ಕಂತಿಗೆ 6,000 ರೂಪಾಯಿಯಾಗುತ್ತದೆ, ದೂರಶಿಕ್ಷಣದಲ್ಲಿ ಬಿ.ಎ. ಓದುವ ಗೃಹಿಣಿಗೆ ಅದು ಸಣ್ಣ ಮೊತ್ತವಲ್ಲ.

ಎರಡನೆಯ ಮೂಲ ಸಹಕಾರ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿಯೇ ಮೊದಲನೆಯದೆಂಬ ಕೀರ್ತಿ ಕನ್ನಡನಾಡಿನದು. ಅದರ ಸಂತತಿಯವೇ ಆದ ನೌಕರರ ಪತ್ತಿನ ಸಂಘಗಳು ಇಂದು ಅನೇಕ ಕಚೇರಿ ಕಾರ್ಖಾನೆಗಳಲ್ಲಿವೆ. ಇಲ್ಲಿ ದೊರೆಯುವ ಸಣ್ಣ ಸಾಲಕ್ಕೆ ಕಾಗದಪತ್ರ ಕಡಿಮೆ, ಕಂತು ಸಂಬಳದಿಂದಲೇ ಕಳೆಯುತ್ತದೆ, ವರ್ಷದ ಕೊನೆಗೆ ಷೇರಿಗೆ ಲಾಭಾಂಶವೂ ಬರಬಹುದು. ಹೆಂಗಸರಿಗೆ ಸ್ತ್ರೀಶಕ್ತಿ ಮೊದಲಾದ ಸ್ವಸಹಾಯ ಸಂಘಗಳು ಇದೇ ಬಗೆಯ ಆಸರೆ. ಜಾಮೀನು ನಿಂತ ಸಹೋದ್ಯೋಗಿಯ ಮುಖವನ್ನು ಪ್ರತಿದಿನ ನೋಡಬೇಕಾದ ಮರ್ಯಾದೆಯ ಕಟ್ಟು ಈ ಸಾಲವನ್ನು ಹಿಡಿತದಲ್ಲಿಡುತ್ತದೆ.

ಮೂರನೆಯದು ಚೀಟಿ. ಇಪ್ಪತ್ತು ಮಂದಿ ತಿಂಗಳಿಗೆ 5,000 ರೂಪಾಯಿಯಂತೆ ಇಪ್ಪತ್ತು ತಿಂಗಳು ಕಟ್ಟುವ ಲಕ್ಷ ರೂಪಾಯಿಯ ಚೀಟಿಯಲ್ಲಿ, ಪ್ರವೇಶದ ಗಡುವು ಹತ್ತಿರ ಬಂದಿತೆಂದು ಮೂರನೆಯ ತಿಂಗಳಲ್ಲಿಯೇ ಒಬ್ಬನು 25,000 ರೂಪಾಯಿಗೆ ಕೂಗಿ ಚೀಟಿ ಎತ್ತಿದನೆನ್ನೋಣ. ಕೈಗೆ ಬಂದದ್ದು 75,000. ಬಿಟ್ಟುಕೊಟ್ಟ ಹಣದಲ್ಲಿ ಚೀಟಿ ನಡೆಸುವವನ ಕಮಿಷನ್ ಹೋಗಿ, ಉಳಿದದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. 1982ರ ಚೀಟಿ ನಿಧಿ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಆ ಕಮಿಷನ್ ಶೇಕಡ 7ನ್ನು ಮೀರುವಂತಿಲ್ಲ. ಅವಸರದಲ್ಲಿರುವವನು ಬಿಟ್ಟುಕೊಡುವ, ತಾಳ್ಮೆಯಿದ್ದವನು ಪಡೆದುಕೊಳ್ಳುವ ಏರ್ಪಾಟಿದು. ಆದುದರಿಂದ ಚೀಟಿಯನ್ನು ಹಾಕುವುದಾದರೆ ಓದಿಗೆ ಸೇರುವ ಬಹಳ ಮುಂಚೆಯೇ ಹಾಕಿ ಕೊನೆಯ ತಿಂಗಳುಗಳಲ್ಲಿ ಎತ್ತಬೇಕು. ಅದೂ ನೋಂದಾಯಿತವಾದ ಚೀಟಿಯನ್ನೇ. ಸರ್ಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಕೂಡ ಚೀಟಿಗಳನ್ನು ನಡೆಸುತ್ತಿರುವಾಗ, ಬೀದಿಯ ಕೊನೆಯ ಮನೆಯವರು ಬಾಯಿಮಾತಿನ ಮೇಲೆ ನಡೆಸುವ ಚೀಟಿಗೆ ಓದಿನ ಹಣವನ್ನು ಒಪ್ಪಿಸುವುದು ವಿವೇಕವಲ್ಲ.

ಇನ್ನು ಸಾಲ. ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿ ಕನ್ನಡಿಗರಿಗೆಲ್ಲ ಬಾಯಿಪಾಠ. ಆದರೂ ಬಡ್ಡಿಯ ದರವನ್ನು ಕೇಳುವುದು ಹೇಗೆಂಬುದನ್ನು ಮಾತ್ರ ನಾವು ಕಲಿಯಲಿಲ್ಲ. ಶೇಕಡ 12ರ ಬಡ್ಡಿಗೆ ಲಕ್ಷ ರೂಪಾಯಿಯನ್ನು ಎರಡು ವರ್ಷಕ್ಕೆ ಪಡೆದ ಇಬ್ಬರನ್ನು ಕಲ್ಪಿಸಿಕೊಳ್ಳಿರಿ. ಒಬ್ಬನಿಗೆ ಬಡ್ಡಿ ಇಳಿಯುವ ಅಸಲಿನ ಮೇಲೆ. ಅವನ ಕಂತು ಸುಮಾರು 4,707 ರೂಪಾಯಿ, ತೆರುವ ಒಟ್ಟು ಬಡ್ಡಿ ಸುಮಾರು 13,000. ಇನ್ನೊಬ್ಬನಿಗೆ ‘ಫ್ಲ್ಯಾಟ್’ ದರ, ಎಂದರೆ ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ. ಅವನ ಕಂತು 5,167 ರೂಪಾಯಿ, ಬಡ್ಡಿ 24,000. ನಾಲಗೆಯ ಮೇಲೆ ಎರಡೂ ಹನ್ನೆರಡೇ. ಲೆಕ್ಕದಲ್ಲಿ ಎರಡನೆಯದು ಶೇಕಡ 21ನ್ನು ದಾಟಿದ ಸಾಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡ 3ರ ಮೇಲೆ ಬೀಳುವ ಬಡ್ಡಿಯಂತೂ ವರ್ಷಕ್ಕೆ 36ನ್ನು ಮೀರುತ್ತದೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳ ವಿಷಯ ಹೇಳದಿರುವುದೇ ಲೇಸು. ಮನೆಯಲ್ಲಿರುವ ಚಿನ್ನದ ಅಡವು ಇವೆಲ್ಲಕ್ಕಿಂತ ಅಗ್ಗವೆಂಬುದು ಸಾಮಾನ್ಯವಾಗಿ ನಿಜ. ಆದರೆ ಮಾಂಗಲ್ಯದ ಸರವನ್ನು ಅಡವಿಟ್ಟು ಸೇರಿದ ತರಗತಿಯಲ್ಲಿ ನಪಾಸಾದವಳ ಮನಸ್ಸಿನ ಭಾರವನ್ನು ಯಾವ ಬಡ್ಡಿಯ ಕೋಷ್ಟಕವೂ ತೋರಿಸುವುದಿಲ್ಲ.

ಬ್ಯಾಂಕುಗಳ ಶಿಕ್ಷಣಸಾಲವು ತತ್ತ್ವತಃ ಉತ್ತಮವಾದುದು. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿಯವರೆಗೆ ಕೈಯಿಂದ ಹಾಕಬೇಕಾದ ಪಾಲೂ ಬೇಕಿಲ್ಲ, ಆಸ್ತಿಯ ಭದ್ರತೆಯೂ ಬೇಕಿಲ್ಲ. ಓದು ಮುಗಿದು ಒಂದು ವರ್ಷದ ತರುವಾಯ ಮರುಪಾವತಿ. 2015ರಿಂದ ವಿದ್ಯಾಲಕ್ಷ್ಮಿ ಎಂಬ ಜಾಲತಾಣದ ಮೂಲಕ ಅರ್ಜಿ ಹಾಕುವ ಅನುಕೂಲವೂ ಉಂಟು. ಆದರೆ ಈ ಸಾಲದ ಕಲ್ಪನೆಯಲ್ಲಿಯೂ ಕುಳಿತಿರುವುದು ಅದೇ ಬಾಲಕ, ಜೊತೆಗೆ ಸಹಿ ಹಾಕುವ ಅವನ ತಂದೆ. ತಾನೇ ತಂದೆಯಾಗಿ, ತಾನೇ ವಿದ್ಯಾರ್ಥಿಯಾಗಿ, ಅರೆಕಾಲಿಕ ಓದಿಗಾಗಿ ಕೌಂಟರಿನ ಮುಂದೆ ನಿಂತವನಿಗೆ ಬಹುಮಟ್ಟಿಗೆ ದೊರೆಯುವ ಸಲಹೆ, ‘ಪರ್ಸನಲ್ ಲೋನ್ ತಗೊಳ್ಳಿ ಸಾರ್’ ಎಂಬುದೇ. ಹೆಚ್ಚಿನ ಬಡ್ಡಿಯ ಆ ದಾರಿಯನ್ನು ಹಿಡಿಯುವ ಮುನ್ನ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಸಂಸ್ಥೆಯೇ ಅವಕಾಶ ಕೊಡುವುದೇ ಎಂದು ಬಾಯಿಬಿಟ್ಟು ಕೇಳುವುದರಲ್ಲಿ ಅವಮಾನವಿಲ್ಲ.

ಆದರೆ ಎಲ್ಲ ಬಡ್ಡಿಗಳಿಗಿಂತಲೂ ದುಬಾರಿಯಾದ ನಷ್ಟವೊಂದಿದೆ: ಮಾನ್ಯತೆಯಿಲ್ಲದ ಪದವಿಗೆ ಸುರಿದ ಹಣ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರದ ಅವಧಿಗೆ ಮಾನ್ಯತೆ ತಪ್ಪಿ, 2018ರಲ್ಲಿ ಅದು ಮರಳುವವರೆಗೆ ನಡುವಿನ ವಿದ್ಯಾರ್ಥಿಗಳು ಅನುಭವಿಸಿದ ತಳಮಳವನ್ನು ನಾಡು ಕಂಡಿದೆ. ಸರ್ಕಾರದ ಸಂಸ್ಥೆಯ ವಿಷಯದಲ್ಲಿಯೇ ಹೀಗಾಗಬಹುದಾದರೆ, ಬಣ್ಣದ ಕರಪತ್ರ ಹಂಚುವ ಮಧ್ಯವರ್ತಿಗಳ ಮಾತನ್ನು ನಂಬಿ ಪರರಾಜ್ಯದ ಹೆಸರೇ ಕೇಳದ ವಿಶ್ವವಿದ್ಯಾನಿಲಯಕ್ಕೆ ಹಣ ಕಟ್ಟುವವನ ಗತಿಯೇನು? ಇಂಜಿನಿಯರಿಂಗು, ವೈದ್ಯಕೀಯ, ನರ್ಸಿಂಗು, ಔಷಧಶಾಸ್ತ್ರ, ಕಾನೂನು ಮೊದಲಾದ ವಿಷಯಗಳಲ್ಲಿ ದೂರಶಿಕ್ಷಣದ ಪದವಿಗೆ ಅನುದಾನ ಆಯೋಗವು ಅನುಮತಿ ಕೊಡುವುದೇ ಇಲ್ಲ. ಸಂಸ್ಥೆಗೆ ಮಾತ್ರವಲ್ಲದೆ ತಾನು ಸೇರುವ ಕೋರ್ಸಿಗೂ, ತಾನು ಸೇರುವ ವರ್ಷಕ್ಕೂ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳುವ ಅರ್ಧ ಗಂಟೆಯ ಕೆಲಸ, ಪ್ರೌಢ ವಿದ್ಯಾರ್ಥಿಯ ಹಣಕಾಸಿನಲ್ಲಿ ಅತ್ಯಂತ ಲಾಭದಾಯಕವಾದ ಅರ್ಧ ಗಂಟೆ.

ಖರ್ಚನ್ನು ತಗ್ಗಿಸುವ ಉಪಾಯಗಳು ಹಲವಿವೆ. ಅವುಗಳಲ್ಲಿ ಬಹುಪಾಲು ಕೇವಲ ಅಜ್ಞಾನದಿಂದ ಬಳಕೆಯಾಗದೆ ಬಿದ್ದಿವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪಾಠದ ಪುಸ್ತಕಗಳೆಲ್ಲ ಇ-ಜ್ಞಾನಕೋಶವೆಂಬ ಭಂಡಾರದಲ್ಲಿ ಉಚಿತವಾಗಿ ತೆರೆದಿವೆ; ಅಚ್ಚಿನ ಪುಸ್ತಕವನ್ನು ಬಿಟ್ಟು ವಿದ್ಯುನ್ಮಾನ ಪ್ರತಿಯನ್ನೇ ಒಪ್ಪಿಕೊಂಡವರಿಗೆ ಅಲ್ಲಿ ಶುಲ್ಕದಲ್ಲಿ ಶೇಕಡ 15ರಷ್ಟು ರಿಯಾಯಿತಿ ಕೊಡುವ ಕ್ರಮವೂ ಬಂದಿದೆ. 2017ರಲ್ಲಿ ಆರಂಭವಾದ ಸ್ವಯಂ ಎಂಬ ವೇದಿಕೆಯಲ್ಲಿ ಪಾಠ ಕೇಳಲು ಕಾಸು ಬೇಕಿಲ್ಲ, ಪ್ರಮಾಣಪತ್ರ ಬೇಕೆಂದರೆ ಪರೀಕ್ಷೆಯ ಶುಲ್ಕ ಮಾತ್ರ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತ ಬಂದಿರುವ ಗೃಹಸ್ಥನು, ತಾನು ಈಗಾಗಲೇ ಹಣ ಕೊಟ್ಟಿರುವ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲು ಹತ್ತದೆ ಅದೇ ಪುಸ್ತಕಕ್ಕೆ ಮತ್ತೆ ಹಣ ತೆರುವುದು ಎಂಥ ವಿಪರ್ಯಾಸ! ಪರಿಶಿಷ್ಟ ಜಾತಿಯವರಿಗಾಗಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಗಳಲ್ಲಿ ಅಂಚೆ ಶಿಕ್ಷಣದವರಿಗೂ ಶುಲ್ಕ ಮರುಪಾವತಿಯ ಅವಕಾಶ ಬಂದಿರುವುದನ್ನು ಅರಿತು, ಅರ್ಹರಾದವರು ಸಂಕೋಚಪಡದೆ ವಿಚಾರಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ಉಪಾಯ ನಿಧಾನ. ಇಂದಿರಾ ಗಾಂಧಿ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷದ ಬಿ.ಎ. ಪದವಿಯನ್ನು ಆರು ವರ್ಷಗಳೊಳಗೆ, ಎರಡು ವರ್ಷದ ಎಂ.ಎ. ಪದವಿಯನ್ನು ನಾಲ್ಕು ವರ್ಷಗಳೊಳಗೆ ಮುಗಿಸುವ ಸ್ವಾತಂತ್ರ್ಯವಿದೆ. ಪರೀಕ್ಷಾ ಶುಲ್ಕ ಪತ್ರಿಕೆಯೊಂದಕ್ಕೆ ಇಷ್ಟೆಂದು ಇರುವುದರಿಂದ, ಈ ಸಲ ಎರಡು, ಮುಂದಿನ ಸಲ ಮೂರು ಎಂದು ಕೈಗೆಟುಕಿದಷ್ಟನ್ನೇ ಆರಿಸಿಕೊಳ್ಳಬಹುದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ವಿದ್ಯಾಸಂಸ್ಥೆ ಹಿಂದೆ ಇರಲಿಲ್ಲ. ಆದರೆ ನಮ್ಮ ಜನ ಈ ಸೌಲಭ್ಯವನ್ನು ಸೋಲೆಂದು ಭಾವಿಸಿ, ಓರಗೆಯವರೊಡನೆ ಪಂದ್ಯ ಕಟ್ಟಿದವರಂತೆ ಎಲ್ಲ ಪತ್ರಿಕೆಗಳಿಗೂ ಒಮ್ಮೆಗೇ ಹಣ ಕಟ್ಟಿ, ಓದಲು ಬಿಡುವಾಗದೆ ಅರ್ಧದಲ್ಲಿ ನಪಾಸಾಗಿ, ಅದೇ ಪತ್ರಿಕೆಗಳಿಗೆ ಮರಳಿ ಹಣ ತೆರುತ್ತಾರೆ.

ಎಷ್ಟು ಖರ್ಚುಮಾಡುವುದು ಯೋಗ್ಯವೆಂಬುದು ಓದಿನ ಉದ್ದೇಶವನ್ನು ಅವಲಂಬಿಸಿದೆ. ಪದವಿ ಬಂದ ದಿನವೇ ಬಡ್ತಿಯೋ ವೇತನವೃದ್ಧಿಯೋ ಲಿಖಿತ ನಿಯಮದಂತೆ ದೊರೆಯುವುದಾದರೆ, ಆ ಹೆಚ್ಚುವರಿ ಸಂಬಳದ ಒಂದೆರಡು ವರ್ಷದ ಮೊತ್ತವನ್ನು ಮೀರದಂತೆ ಸಾಲವನ್ನೂ ಮಾಡಬಹುದು. ‘ಮುಂದೆ ಎಂದಾದರೂ ಉಪಯೋಗಕ್ಕೆ ಬಂದೀತು’ ಎಂಬ ಅನಿಶ್ಚಿತ ಆಸೆಗಾದರೆ ಉಳಿತಾಯದ ಹಣ ಮಾತ್ರ. ಆತ್ಮಸಂತೋಷಕ್ಕಾಗಿ ಓದುವವರಾದರೆ ಯಾತ್ರೆಗೋ ಸಂಗೀತ ಕಛೇರಿಗೋ ತೆಗೆದಿಡುವ ಹಣದಿಂದ ಓದತಕ್ಕದ್ದು. ಅಂಥವರು ಲಾಭನಷ್ಟದ ಲೆಕ್ಕವನ್ನು ಕೇಳಬೇಕಾಗಿಲ್ಲ, ಅವರಿಗೆ ಓದೇ ಲಾಭ. ಈ ಮೂರನ್ನೂ ಬೆರಸಿ, ಮನಸ್ಸಿನ ತೃಪ್ತಿಗಾಗಿ ಓದುವುದಕ್ಕೆ ಬಡ್ತಿಯ ನೆಪ ಹೇಳಿ ಸಾಲ ಮಾಡುವವರೇ ಕೊನೆಗೆ ಎರಡನ್ನೂ ಕಳೆದುಕೊಳ್ಳುವರು.

ಕೊನೆಗೆ ಮನೆಯ ಮಾತು. ಗೃಹಸ್ಥ ವಿದ್ಯಾರ್ಥಿಯು ತನ್ನ ಓದಿಗೆ ಹಣ ತೆಗೆಯುವಾಗ ಕದ್ದವನಂತೆ ತೆಗೆಯುತ್ತಾನೆ. ಮಗನ ಟ್ಯೂಷನ್ನಿಗೆ ಸಾವಿರಗಟ್ಟಲೆ ಕೊಡುವಾಗ ಕಾಣದ ಅಳುಕು ತನ್ನ ಒಂದು ಪಠ್ಯಪುಸ್ತಕವನ್ನು ಕೊಳ್ಳುವಾಗ ಕಾಣುತ್ತದೆ; ಗೃಹಿಣಿಯಾದರೆ ಸಾಸಿವೆ ಡಬ್ಬಿಯ ಚಿಲ್ಲರೆಯಿಂದ ಪರೀಕ್ಷೆಯ ಶುಲ್ಕವನ್ನು ಹೊಂದಿಸಿ, ಕೇಳಿದರೆ ಬೇರೇನೋ ಹೇಳುತ್ತಾಳೆ. ಬಚ್ಚಿಟ್ಟ ಖರ್ಚಿಗೆ ಮಿತಿಯಿರುವುದಿಲ್ಲ, ಯೋಜನೆಯೂ ಇರುವುದಿಲ್ಲ. ಕಾಯಿದೆಗಳು ಬದಲಾಗಬೇಕಾದದ್ದು ನಿಜ: ಮಕ್ಕಳ ಶುಲ್ಕಕ್ಕೆ ಸಲ್ಲುವ ತೆರಿಗೆ ರಿಯಾಯಿತಿ ತೆರಿಗೆದಾರನ ಸ್ವಂತ ಶುಲ್ಕಕ್ಕೂ ಸಲ್ಲಬೇಕು, ಕಾರ್ಮಿಕ ಮಂಡಳಿಗಳ ಧನಸಹಾಯ ಓದುವ ಕಾರ್ಮಿಕನಿಗೂ ಮುಟ್ಟಬೇಕು, ಪರೀಕ್ಷೆಯ ದಿನಗಳಿಗೆ ಸಂಬಳದ ರಜೆ ದೊರೆಯಬೇಕು. ಇವುಗಳನ್ನು ಕೇಳುತ್ತಲೇ ಇರೋಣ. ಆದರೆ ನಮ್ಮನ್ನು ವಿದ್ಯಾರ್ಥಿಯೆಂದು ಎಣಿಸುವ ಮೊದಲನೆಯ ಲೆಕ್ಕ ಸರ್ಕಾರದ್ದಲ್ಲ, ನಮ್ಮದೇ. ಮನೆಯ ಖರ್ಚಿನ ಪಟ್ಟಿಯಲ್ಲಿ ಹಾಲು, ಗ್ಯಾಸು, ಮಕ್ಕಳ ಶಾಲೆ ಎಂದಿರುವ ಕಡೆ ‘ಅಮ್ಮನ ಕಾಲೇಜು’ ಎಂದೋ ‘ಅಪ್ಪನ ಕಾಲೇಜು’ ಎಂದೋ ಒಂದು ಸಾಲು, ಎಲ್ಲರ ಕಣ್ಣಿಗೂ ಬೀಳುವಂತೆ, ಬರೆದಿರತಕ್ಕದ್ದು.

ಆದುದರಿಂದ ಬರುವ ಜನವರಿಯಲ್ಲಿ ಅರ್ಜಿ ಹಾಕಬೇಕೆಂದಿರುವ ಓದುಗರಲ್ಲಿ ನನ್ನದೊಂದು ಬಿನ್ನಹ. ಶುಲ್ಕ ಕಟ್ಟುವುದಕ್ಕೆ ಮುಂಚೆ ಅಂಗಡಿಗೆ ಹೋಗಿ ಗೆರೆಯಿರುವ ಒಂದು ನೋಟುಬುಕ್ಕನ್ನು ಕೊಳ್ಳಿರಿ. ಮೊದಲನೆಯ ಖರ್ಚಾಗಿ ಅದರ ಬೆಲೆಯನ್ನೇ ಬರೆಯಿರಿ.